ಶಿರಾಜಿನಲ್ಲಿ ನೀಲಗಿರಿ

ಏಳು ಸಾವಿರದ ಇನ್ನೂರು ರೂಪಾಯಿ. ಮೂರು ದಿನವಾಯಿತು, ಬ್ಯಾಂಕಿನ ಮೆಸೇಜು ಇನ್ನೂ ಅಳಿಸಿಲ್ಲ. ಆಗಾಗ ತೆಗೆದು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ದಂಪತಿಗಳಿಗೆ ಮಾತ್ರ ಪಾಪ್-ಅಪ್ ಡಿನ್ನರ್. ಐದು ತಿನಿಸು, ಒಂದೊಂದಕ್ಕೂ ಜೋಡಿ ವೈನು. ಜಾಗ ಯಾವುದೆಂದು ಅವತ್ತು ಸಂಜೆಯಷ್ಟೇ ತಿಳಿಸುತ್ತಾರಂತೆ. ನೋಡಿದರೆ ಇಂದಿರಾನಗರದ ಯಾರದೋ ಮನೆ ತಾರಸಿ! ಬಟ್ಟೆ ಒಣಹಾಕುವ ತಂತಿಗೇ ಸೀರಿಯಲ್ ಲೈಟ್ ಸುತ್ತಿದ್ದರು. ನನಗೋ ಹಿಂದಿನ ದಿನದಿಂದಲೇ ನೆಗಡಿ. "ದುಡ್ಡು ವಾಪಸ್ ಕೊಡಲ್ವಂತೆ ರೀ, ವಿಕ್ಸ್ ಹಚ್ಕೊಂಡು ನಡೀರಿ" ಅಂದಿದ್ದಳು ಹೆಂಡತಿ.

ಮೊಂಬತ್ತಿ ಬೆಳಕಲ್ಲಿ ಮೆನು ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಾಕಿದೆ. ಒಬ್ಬ ಹುಡುಗಿ ಓಡಿಬಂದು "ಸರ್, ಆಂಬಿಯನ್ಸ್..." ಎಂದು ಪಿಸುಗುಟ್ಟಿ ಆರಿಸಿದಳು. ತಟ್ಟೆಯಲ್ಲಿ ಬೀಟ್‌ರೂಟಿನ ಎರಡು ಬಿಲ್ಲೆ. ವೈನಂತೂ ತೀರ್ಥದ ಅಳತೆ. ಬಲಗೈ ಚಾಚುವುದೊಂದು ಬಾಕಿ.

ವೈನ್ ವಿವರಿಸಲು ಒಬ್ಬ ಹುಡುಗನಿದ್ದ. ಗ್ಲಾಸು ತಿರುಗಿಸಬೇಕು, ಮೂಸಬೇಕು, ಆಮೇಲೆ ಗುಟುಕು. ಸಾವಿನ್ಯೋ ಬ್ಲಾಂಕ್‌ನಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ ಇದೆಯಂತೆ. ನನಗೆ ವಿಕ್ಸ್ ಬಂತು. ಮೂರನೆಯದು ಶಿರಾಜ್, ನಂದಿ ಬೆಟ್ಟದ ಕಡೆಯದು. ಬಾಯಿ ಒಗರಾಗುವುದು ಟ್ಯಾನಿನ್‌ನಿಂದ, ಅದು ದ್ರಾಕ್ಷಿಯ ಸಿಪ್ಪೆ, ಬೀಜದ್ದು ಅಂದ. ಬೆಂಗಳೂರು ನೀಲಿ ದ್ರಾಕ್ಷಿ ತಿನ್ನುವಾಗ ಎಷ್ಟು ಟ್ಯಾನಿನ್ ಉಗಿದುಬಿಟ್ಟಿದ್ದೇನೋ, ಛೇ.

"ಸರ್, ನಿಮ್ಗೆ ಏನು ವಾಸನೆ ಬಂತು?"

"ನೀಲಗಿರಿ ಎಣ್ಣೆ." ಬಾಯಿ ತಪ್ಪಿ ಬಂದುಬಿಟ್ಟಿತು.

ಹುಡುಗನ ಮುಖ ಅರಳಿತು. "ಎಲ್ಲರೂ ಕೇಳಿ! ಶಿರಾಜ್‌ನಲ್ಲಿ ಕೆಲವು ಸಲ ನೀಲಗಿರಿ ಸುಳಿಯುತ್ತೆ. ಎಲ್ಲರ ಮೂಗಿಗೂ ಸಿಗಲ್ಲ!" ತಾರಸಿಯಲ್ಲಿದ್ದ ಹನ್ನೊಂದು ಜೋಡಿಯೂ ಗ್ಲಾಸಿಗೆ ಮೂಗು ತೂರಿಸಿತು. "ಹೌದು, ಕೊನೇಲಿ ಬರುತ್ತೆ" ಅಂದರು ಒಬ್ಬರು. ಪಕ್ಕದ ಟೇಬಲ್ಲಿನವರು ಕಣ್ಣು ಮುಚ್ಚಿ, "ಸ್ವಲ್ಪ ಕರ್ಪೂರ ಕೂಡ" ಅಂದರು. ಅವರದು ಮಾತ್ರ ಸುಳ್ಳಲ್ಲ. ಗಾಳಿ ಆ ಕಡೆ ಬೀಸುತ್ತಿತ್ತು. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು.

ಅಲ್ಲಿಂದ ನನಗೇ ಮೊದಲ ಗ್ಲಾಸು. ಹುಡುಗ ಕೈ ಕಟ್ಟಿ ಕಾಯುತ್ತಿದ್ದ. ನಾಲ್ಕನೆಯದಕ್ಕೆ "ನೆಂದ ಗೋಣಿಚೀಲ" ಅಂದೆ. ಬರೆದುಕೊಂಡ.

ಕೊನೆಗೆ ಒಂದು ಆಟ. ಮಾತಾಡದೆ ಒಂದು ನಿಮಿಷ ಒಬ್ಬರನ್ನೊಬ್ಬರು ನೋಡಬೇಕು. ನಗು ತಡೆದುಕೊಂಡು ನೋಡಿದೆ. ಅವಳ ಮೂಗಿನ ಎರಡೂ ಬದಿಗೆ ಕನ್ನಡಕದ ಗುರುತು. ಇದು ಯಾವಾಗ ಬಿತ್ತು? 18 ವರ್ಷದಿಂದ ದಿನಾ ಎದುರಿಗೇ ಕೂತು ತಿಂಡಿ ತಿನ್ನುತ್ತೇನೆ, ಕಂಡೇ ಇರಲಿಲ್ಲ. ಇನ್ನೊಂದಿಷ್ಟು ಹೊತ್ತು ನೋಡಬೇಕು ಅನಿಸಿತು. ಅಷ್ಟರಲ್ಲಿ ಗಂಟೆ ಬಾರಿಸಿದರು. "ಗೀಸರ್ ಆಫ್ ಮಾಡಿದ್ರಾ?" ಅಂದಳು.

ನಿನ್ನೆಯಿಂದ ಅವಳಿಗೂ ನೆಗಡಿ. ಈಗಷ್ಟೇ ಒಳಗಿಂದ ಕೂಗಿದಳು: "ರೀ, ಆ ಶಿರಾಜ್ ಡಬ್ಬಿ ಎಲ್ಲಿಟ್ರಿ?"