ಯುರೋಪಲ್ಲೂ ಸರ್ವರ್ ಪ್ರಾಬ್ಲಮ್ಮಂತೆ

ತಾಲೂಕಾಫೀಸಲ್ಲಿ ಕೇಳಿ ಕೇಳಿ ಕಿವಿ ತೂತಾಗಿರೋ ಮಾತನ್ನ ಯುರೋಪಿಯನ್ ಯೂನಿಯನ್‌ನೋರ ಬಾಯಲ್ಲೂ ಕೇಳೋ ಭಾಗ್ಯ ಬಂತಲ್ಲ, ಜನ್ಮ ಸಾರ್ಥಕ. ಕಾಡು ಕಡಿದು ಬೆಳೆದ ಕಾಫಿನ ನಾವು ಕುಡಿಯಲ್ಲ ಅಂತ 2023ರಲ್ಲಿ ಕಾನೂನು ತಂದ್ರು, ಬೆಳೆದ ಜಾಗದ ಲೆಕ್ಕ ಕೊಡೋಕೆ 2024ರ ಡಿಸೆಂಬರ್ ಕೊನೇ ದಿನಾಂಕ ಅಂತ ಹೆದರಿಸಿದ್ರು, ಆಮೇಲೆ ಒಂದ್ವರ್ಷ ಮುಂದಕ್ಕೆ, 2025ರ ಸೆಪ್ಟೆಂಬರಲ್ಲಿ ನೋಡಿದ್ರೆ ಅಷ್ಟೊಂದು ಡೇಟಾ ಬಂದ್ರೆ ನಮ್ ಐಟಿ ಸಿಸ್ಟಮ್ಮೇ ತಡ್ಕೊಳಲ್ಲ ಅನ್ನೋ ರಾಗ. ಈಗ 2026ರ ಡಿಸೆಂಬರ್ 30, ಸಣ್ಣಪುಟ್ಟ ಕಂಪನಿಗಳಿಗೆ 2027ರ ಜೂನ್. ನಮ್ ವಿಲೇಜ್ ಅಕೌಂಟೆಂಟ್ ಇದನ್ನೇ ಎರಡೇ ಶಬ್ದದಲ್ಲಿ ಹೇಳಿ ಊಟಕ್ಕೆ ಎದ್ದು ಹೋಗ್ತಿದ್ರು.

ಕೇಳಿರೋದಾದ್ರೂ ಏನು? ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ, ದಶಮಾಂಶದ ಆಚೆ ಆರು ಅಂಕಿ. ಅಂದ್ರೆ ಒಂದು ಗೇಣಿಗಿಂತ ಕಮ್ಮಿ ಲೆಕ್ಕ. ಮರದ ಕೆಳಗೆ ನಿಂತ್ರೆ ನಮ್ ಫೋನಿನ ಜಿಪಿಎಸ್ಸು ಪಕ್ಕದವ್ರ ತೋಟದಲ್ಲಿ ಚುಕ್ಕೆ ಇಡುತ್ತೆ, ಅದು ಬೇರೆ ವಿಷ್ಯ. ನಾಲ್ಕು ಹೆಕ್ಟೇರ್ ಒಳಗಿದ್ರೆ ಒಂದು ಚುಕ್ಕೆ ಸಾಕು, ಮೇಲಿದ್ರೆ ಬೇಲಿ ಸುತ್ತ ಗೆರೆ ಎಳೀಬೇಕು. ಆಷಾಢದ ಮಳೇಲಿ ಒಂದು ಕೈಲಿ ಫೋನ್ ಹಿಡ್ಕೊಂಡು ಇನ್ನೊಂದು ಕೈಲಿ ಜಿಗಣೆ ಕೀಳ್ತಾ ತೋಟ ಸುತ್ತಿ ನೋಡಿ, ಪರಿಸರ ಪ್ರೇಮ ತಾನಾಗೇ ಉಕ್ಕುತ್ತೆ.

ಆಯ್ತು, ಚುಕ್ಕೆ ಇಟ್ಟಾಯ್ತು. ಜಾಗ ಯಾರದ್ದು? ಇಲ್ಲಿ ಶುರು ಮಜಾ. ಕೊಡಗಲ್ಲಿ ತಲತಲಾಂತರದಿಂದ ಮನೆತನಕ್ಕೆ ಬಂದ ಜಮ್ಮಾ ಜಾಗ ಅಂದ್ರೆ ಪಹಣೀಲಿ ಪಟ್ಟೆದಾರ, ಅಂದ್ರೆ ಮನೆತನದ ಯಜಮಾನ, ಅಂತ ಯಾವ್ದೋ ಕಾಲದ ಮುತ್ತಜ್ಜ ಕೂತಿರ್ತಾರೆ, ಅವರ ಹಿಂದೆ ಇಡೀ ಒಕ್ಕ, ಅಂದ್ರೆ ಮನೆತನದೋರೆಲ್ಲ, ಅರ್ಧ ಬೆಂಗಳೂರಲ್ಲಿ, ಒಂದಿಬ್ರು ಕೆನಡಾದಲ್ಲಿ, ಇನ್ನೊಬ್ರು ಮಾತು ಬಿಟ್ಟು ವರ್ಷಗಳಾಗಿದೆ. ಸತ್ತೋರ ಹೆಸರಿಂದ ವಾರಸುದಾರರಿಗೆ ಬದಲಿಸೋ ಪೌತಿ ಖಾತೆ ಅಂತ ಅಲೆದೋರಿಗೆ ಗೊತ್ತು. ಗಿಡ ಎಲ್ಲಿದೆ ಅಂತ ಯುರೋಪಿಯನ್ ಯೂನಿಯನ್ ಕೂತಿರೋ ಬ್ರಸೆಲ್ಸಿಗೆ ಗೇಣು ಲೆಕ್ಕದಲ್ಲಿ ಗೊತ್ತಾಗುತ್ತೆ, ಗಿಡ ಯಾರದ್ದು ಅಂತ ಮಡಿಕೇರಿಗೆ ಗೊತ್ತಾಗಲ್ಲ. ಮುತ್ತಜ್ಜನಿಗೆ ಒಟಿಪಿ ಹೋಗೋ ಸೌಲಭ್ಯ ಒಂದು ಬಂದ್ರೆ ಎಲ್ಲಾ ಸಲೀಸು.

ಸ್ಯಾಟಲೈಟ್ ಕಥೆ ಇನ್ನೂ ಚಂದ. ನಾವು ಬುದ್ಧಿವಂತರ ಥರ ಹಲಸು, ಬಳಂಜಿ, ಹಾಲವಾಣ ಮರ ಎಲ್ಲಾ ಕಡೀದೆ ಉಳಿಸ್ಕೊಂಡು ನೆರಳಲ್ಲಿ ಕಾಫಿ ಬೆಳೆದ್ವಿ, ಮರಕ್ಕೆ ಕರಿಮೆಣಸು ಹಬ್ಬಿಸಿದ್ವಿ. ಮೇಲಿಂದ ನೋಡಿದ್ರೆ ಕಾಡು. ಹಾಗಾಗಿ ಮ್ಯಾಪಲ್ಲಿ ಎಷ್ಟೋ ಕಡೆ ತೋಟವೇ ಕಾಡು ಅಂತ ಬೀಳುತ್ತೆ. ಕಾಡಿನೊಳಗೆ ಕಾಫಿ ಹೆಂಗೆ ಬಂತು ಅಂತ ಪ್ರಶ್ನೆ ಬಂದ್ರೆ ಉತ್ತರ ನಾವೇ ಕೊಡ್ಬೇಕು. ಮರ ಉಳಿಸಿದ ತಪ್ಪಿಗೆ.

ಅಂದಂಗೆ ಕಾಡು ಕಡಿಯೋ ವಿಷ್ಯದಲ್ಲಿ ಭಾರತ ಕಮ್ಮಿ ರಿಸ್ಕಿನ ದೇಶ ಅಂತ ಯುರೋಪಿನವರೇ 2025ರ ಮೇ ತಿಂಗಳಲ್ಲಿ ಲಿಸ್ಟ್ ಬಿಟ್ರು. ಜಾಸ್ತಿ ರಿಸ್ಕಿನಲ್ಲಿ ನಾಲ್ಕೇ: ರಷ್ಯಾ, ಬೆಲಾರುಸ್, ಮ್ಯಾನ್ಮಾರ್, ಉತ್ತರ ಕೊರಿಯಾ. ಉತ್ತರ ಕೊರಿಯಾದಿಂದ ಕಾಫಿ ತರಿಸ್ಕೊಂಡು ಕುಡಿಯೋ ಪುಣ್ಯಾತ್ಮ ಯುರೋಪಲ್ಲಿ ಯಾರಿದ್ದಾನೋ, ಅವನ ಮೇಲೆ ಕಣ್ಣಿಡಿ. ಕಮ್ಮಿ ರಿಸ್ಕ್ ಆದ್ರೂ ನಮ್ ಚುಕ್ಕೆ ತಪ್ಪಿಲ್ಲ. ಚುಕ್ಕೆ ಇಟ್ರೆ ಚೀಲಕ್ಕೆ ಎಷ್ಟು ಜಾಸ್ತಿ ಕೊಡ್ತೀರ ಅಂತ ಕೇಳಂಗಿಲ್ಲ, ಆ ಕಾಲಮ್ಮೇ ಇಲ್ಲ. ರೇಟು ತೀರ್ಮಾನ ಆಗೋದು ರೋಬಸ್ಟಾ ಕಾಫಿದು ಲಂಡನ್ನಲ್ಲಿ, ಅರೇಬಿಕಾ ಕಾಫಿದು ನ್ಯೂಯಾರ್ಕಲ್ಲಿ, ಮೊದ್ಲಿಂದ್ಲೂ ಹಂಗೇ. 2019ರಲ್ಲಿ ಕಾಫಿ ಬೋರ್ಡಿನೋರು ಬ್ಲಾಕ್‌ಚೈನ್ ಅಂತ ಆನ್‌ಲೈನ್ ಮಾರುಕಟ್ಟೆ ಬೇರೆ ತಂದಿದ್ರು. ನಮ್ ಸಂತೇಲಿ ಯಾರಾದ್ರೂ ಅದ್ರಲ್ಲಿ ಮಾರಿದ್ದು ಕಂಡ್ರೆ ಹೇಳಿ, ಪಾಯಸ ನಂದು.

ನಗೋದೆಲ್ಲ ಸರಿ. ಕೊಡಗಿನ ಸಿದ್ದಾಪುರದ ಕಡೆ ಬೆಳಗ್ಗೆ ಕೆಲಸಕ್ಕೆ ಹೋಗೋ ಹೆಂಗಸರು ತೋಟದೊಳಗೆ ಆನೆ ಇದೆಯೋ ಇಲ್ವೋ ಗೊತ್ತಿಲ್ದೆ ಕಾಲಿಡ್ತಾರೆ. ಕಾಫಿ ಗಿಡದ ಲೊಕೇಷನ್ ಬೇಕು ಎಲ್ರಿಗೂ, ನಾಲ್ಕು ಟನ್ನಿನ ಪ್ರಾಣಿ ಎಲ್ಲಿದೆ ಅಂತ ಆ ಹೆಂಗಸಿಗೆ ಹೇಳೋರಿಲ್ಲ. ಕೆಲವು ಆನೆಗೆ ಎಲ್ಲಿದೆ ಅಂತ ತೋರಿಸೋ ರೇಡಿಯೋ ಕಾಲರ್ ಹಾಕಿದಾರೆ, ಮೆಸೇಜೂ ಬರುತ್ತೆ, ಕರೆಂಟು ಹೋಗಿ ಟವರ್ ಸತ್ತಿರೋ ದಿನ ಯಾರಿಗೆ ಬರುತ್ತೆ? ತುಳಿದು ಸಾಯಿಸಿದ ಮೇಲೆ ರಸ್ತೆ ತಡೆ, ಪರಿಹಾರದ ಚೆಕ್ಕು, ಚೆಕ್ ಕೊಡೋವಾಗ ಒಂದು ಫೋಟೋ, ಆಮೇಲೆ ಇನ್ನೊಂದು ಊರು. ಸಾಕಾಗಿದೆ ಮಾರಾಯ್ರೆ.