ಒಂದೇ ಮೇಜಿನ ವೇಗದ ಪೋಕರ್‌ನಲ್ಲಿ ಚಿಪ್ಪಿನ ನಿಜವಾದ ಬೆಲೆ

ಒಂಬತ್ತು ಜನ ಒಂದೇ ಮೇಜಿಗೆ ಕೂತು, ಐದೈದು ನಿಮಿಷಕ್ಕೊಮ್ಮೆ ಬ್ಲೈಂಡ್ (ಎಲೆ ಹಂಚುವ ಮೊದಲೇ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಹಾಕುವ ಪಣ) ಏರಿಸುತ್ತಾ ಬೇಗ ಮುಗಿಸುವ ‘ಟರ್ಬೊ ಸಿಟ್ ಆ್ಯಂಡ್ ಗೋ’ ಪೋಕರ್ ಬಗ್ಗೆ ಮಾತು ಬಂದಾಗಲೆಲ್ಲ, ಅದು ಬರೀ ಅದೃಷ್ಟದಾಟ, ಒಳ್ಳೆಯ ಎಲೆ ಬಿದ್ದವರು ಗೆಲ್ಲುತ್ತಾರೆ ಎಂದು ಹೇಳುವವರೇ ಹೆಚ್ಚು. ಹಲವು ವರ್ಷ ಈ ಆಟವನ್ನು ಆಡಿ, ಸೋತ ಪ್ರತಿಯೊಂದು ಆಟದ ಕೊನೆಯ ಹ್ಯಾಂಡ್‌ಗಳನ್ನು (ಒಮ್ಮೆ ಎಲೆ ಹಂಚಿ ಆಡುವ ಸುತ್ತುಗಳನ್ನು) ಬರೆದಿಟ್ಟು ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಮನದಟ್ಟಾಗಿರುವುದೇ ಬೇರೆ. ನಾವು ಸೋಲುವುದು ಬಹಳ ಸಲ ಒಳ್ಳೆಯ ಎಲೆ ಕೈಯಲ್ಲಿರುವಾಗಲೇ, ಬೇರೊಬ್ಬರು ಆಲ್-ಇನ್ ಮಾಡಿದಾಗ, ಅಂದರೆ ತಮ್ಮ ಎಲ್ಲ ಚಿಪ್ಪುಗಳನ್ನೂ (ಪಣದ ಬಿಲ್ಲೆಗಳನ್ನೂ) ಒಡ್ಡಿದಾಗ, ಧೈರ್ಯದಿಂದ ಕಾಲ್ ಮಾಡಿ, ಅಂದರೆ ಅಷ್ಟೇ ಪಣ ಹಾಕಿಯೇ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಲ್ಲಿ ನಿಷೇಧಿಸಿದೆ. ನಾನು ಈಗ ಗೆಳೆಯರ ಜೊತೆ ದುಡ್ಡಿಲ್ಲದೆ, ಅಂಕಗಳಿಗಾಗಿ ಮಾತ್ರ ಆಡುತ್ತೇನೆ. ಆದ್ದರಿಂದ ಇಲ್ಲಿನ ಲೆಕ್ಕವನ್ನೂ ಅಂಕಗಳಲ್ಲೇ ಕೊಡುತ್ತೇನೆ. ಒಬ್ಬೊಬ್ಬರು 100 ಅಂಕ ಕಟ್ಟಿ ತಲಾ 1,500 ಚಿಪ್ ಪಡೆಯುತ್ತಾರೆ ಎಂದಿಟ್ಟುಕೊಳ್ಳೋಣ. ಒಟ್ಟು 900 ಅಂಕದಲ್ಲಿ ಮೊದಲ ಸ್ಥಾನಕ್ಕೆ 450, ಎರಡನೆಯದಕ್ಕೆ 270, ಮೂರನೆಯದಕ್ಕೆ 180. ಗೆದ್ದವರ ಮುಂದೆ ಮೇಜಿನ ಎಲ್ಲ 13,500 ಚಿಪ್ಪುಗಳೂ ರಾಶಿ ಬಿದ್ದಿರುತ್ತವೆ, ಆದರೆ ಅವರ ಕೈಗೆ ಸಿಗುವುದು ಒಟ್ಟು ಅಂಕದ ಅರ್ಧ ಮಾತ್ರ. ಈ ಆಟದ ತಂತ್ರವೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಚಿಪ್ಪಿನ ಲೆಕ್ಕವನ್ನು ಬಹುಮಾನದ ಲೆಕ್ಕಕ್ಕೆ ಪರಿವರ್ತಿಸುವ ವಿಧಾನಕ್ಕೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್, ಅಂದರೆ ಐಸಿಎಂ ಎನ್ನುತ್ತಾರೆ. ಮೇಸನ್ ಮಾಲ್ಮುತ್ 1987ರಲ್ಲಿ ಇದನ್ನು ಪೋಕರ್‌ಗೆ ತಂದರು. ಇದರ ಹಿಂದಿರುವ ಸೂತ್ರವನ್ನು 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ಪಂದ್ಯದ ಸ್ಥಾನಗಳನ್ನು ಅಂದಾಜು ಮಾಡಲು ಕೊಟ್ಟಿದ್ದರು. ಇದರ ಪ್ರಕಾರ, ಮೊದಲ ಹ್ಯಾಂಡ್‌ನಲ್ಲೇ ಒಬ್ಬರನ್ನು ಹೊರಹಾಕಿ ಚಿಪ್ಪನ್ನು ಇಮ್ಮಡಿ ಮಾಡಿಕೊಂಡರೆ ನಿಮ್ಮ ಪಾಲು, ಅಂದರೆ ಸರಾಸರಿ ನಿರೀಕ್ಷಿಸಬಹುದಾದ ಬಹುಮಾನ, 100 ಅಂಕದಿಂದ 200ಕ್ಕೆ ಏರುವುದಿಲ್ಲ, 182.5ಕ್ಕೆ ನಿಲ್ಲುತ್ತದೆ. ಹಾಗಾಗಿ ಆರಂಭದಲ್ಲೇ ಎಲ್ಲವನ್ನೂ ಪಣಕ್ಕಿಡಬೇಕಾದರೆ ಗೆಲ್ಲುವ ಸಾಧ್ಯತೆ ಶೇ 55ರಷ್ಟಾದರೂ ಇರಬೇಕು. ಬ್ಲೈಂಡ್ 10/20 (ಸ್ಮಾಲ್ ಬ್ಲೈಂಡ್ 10, ಬಿಗ್ ಬ್ಲೈಂಡ್ 20) ಇದ್ದು ಕೈಯಲ್ಲಿ 75 ಬಿಗ್ ಬ್ಲೈಂಡ್‌ನಷ್ಟು ಚಿಪ್ ಇರುವಾಗ ಅರ್ಧಕ್ಕರ್ಧದ ಜೂಜಿಗೆ ಇಳಿಯುವುದು ನಷ್ಟದ ವ್ಯವಹಾರ. ಮೊದಲ ಹದಿನೈದು ನಿಮಿಷದ ತಂತ್ರ ಇಷ್ಟೇ: ಬಿಗಿಯಾಗಿ ಆಡಿ, ಫೋಲ್ಡ್ ಮಾಡಲು, ಅಂದರೆ ಎಲೆ ಬಿಸಾಡಿ ಆ ಹ್ಯಾಂಡ್ ಬಿಟ್ಟುಕೊಡಲು, ಬೇಸರ ಪಡಬೇಡಿ.

ಸಾಮಾನ್ಯವಾಗಿ ಕಾಣುವ ರಚನೆಯಲ್ಲಿ ಇಪ್ಪತ್ತೈದು ನಿಮಿಷ ಕಳೆಯುವ ಹೊತ್ತಿಗೆ ಬ್ಲೈಂಡ್ 100/200 ತಲುಪಿರುತ್ತದೆ. ಆಗ 1,500 ಚಿಪ್ ಅಂದರೆ ಏಳೂವರೆ ಬಿಗ್ ಬ್ಲೈಂಡ್. ಮೇಜಿನ ಒಂದು ಸುತ್ತು ಸುಮ್ಮನೆ ಕೂತರೂ 300 ಚಿಪ್, ಅಂದರೆ ಇರುವುದರ ಐದನೇ ಒಂದು ಭಾಗ, ಕರಗಿಹೋಗುತ್ತದೆ. ಈ ಹಂತದಲ್ಲಿ 500 ಹಾಕಿ ರೈಸ್ ಮಾಡಿ (ಪಣ ಏರಿಸಿ), ಎದುರಾಳಿ ಆಲ್-ಇನ್ ಎಂದಾಗ ಬಿಟ್ಟುಕೊಡುವುದಕ್ಕಿಂತ ದೊಡ್ಡ ತಪ್ಪು ಇಲ್ಲ. ಇರುವುದು ಎರಡೇ ದಾರಿ, ಆಲ್-ಇನ್ ಅಥವಾ ಫೋಲ್ಡ್. ಮೊದಲು ಆಲ್-ಇನ್ ಮಾಡಿದವರು ಎಲ್ಲರೂ ಬಿಟ್ಟುಕೊಟ್ಟರೂ ಗೆಲ್ಲುತ್ತಾರೆ, ಯಾರಾದರೂ ಕಾಲ್ ಮಾಡಿದರೆ ಎಲೆಯ ಬಲದಿಂದಲೂ ಗೆಲ್ಲಬಹುದು; ಕಾಲ್ ಮಾಡಿದವರಿಗೆ ಎರಡನೆಯದು ಮಾತ್ರ ಉಳಿದಿದೆ. ನಂತರ ಆಡಲು ಬಿಗ್ ಬ್ಲೈಂಡ್ ಕಟ್ಟಿದ ಒಬ್ಬರೇ ಉಳಿದಿರುವ ಸ್ಮಾಲ್ ಬ್ಲೈಂಡ್ ಸ್ಥಾನದಿಂದ ರಾಜ-ಒಂಬತ್ತು ಹಿಡಿದು ಆಲ್-ಇನ್ ಹೋಗುವುದು ಸರಿ ಎನ್ನುವ ನಾನೇ, ಅದೇ ಎಲೆಗಳಿಂದ ಬೇರೊಬ್ಬರ ಆಲ್-ಇನ್‌ಗೆ ಕಾಲ್ ಮಾಡಬೇಡಿ ಎನ್ನುವುದು ಇದೇ ಕಾರಣಕ್ಕೆ.

ಇನ್ನು ಬಬಲ್, ಅಂದರೆ ನಾಲ್ವರು ಉಳಿದು ಮೂವರಿಗೆ ಮಾತ್ರ ಬಹುಮಾನವಿರುವ ಹೊತ್ತು. ಎಲ್ಲರ ಚಿಪ್ಪೂ ಸಮ ಎಂದುಕೊಂಡರೆ ಒಬ್ಬೊಬ್ಬರ ಪಾಲು 225. ಇಬ್ಬರು ಆಲ್-ಇನ್ ಆಗಿ ಒಬ್ಬರು ಹೊರಹೋದರೆ ಗೆದ್ದವರ ಪಾಲು 345 ಆಗುತ್ತದೆಯೇ ಹೊರತು 450 ಅಲ್ಲ. ಉಳಿದ 105 ಅಂಕ ಎಲ್ಲಿ ಹೋಯಿತು? ಎಲೆ ಬಿಸಾಡಿ ಸುಮ್ಮನೆ ನೋಡುತ್ತಿದ್ದ ಇಬ್ಬರಿಗೆ, ತಲಾ 52.5ರಂತೆ. ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದ ದಿನ ನನ್ನ ಆಟವೇ ಬದಲಾಯಿತು. ಬ್ಲೈಂಡ್ ಲೆಕ್ಕ ಬದಿಗಿಟ್ಟರೆ, ಇಲ್ಲಿ ಕಾಲ್ ಮಾಡಲು ಶೇ 65ರಷ್ಟು ಗೆಲುವಿನ ಸಾಧ್ಯತೆ ಬೇಕು. ಎಕ್ಕ-ರಾಜ ಕೈಯಲ್ಲಿದ್ದು, ಎದುರಾಳಿ ಎಲೆ ನೋಡದೆಯೇ ಆಲ್-ಇನ್ ಮಾಡಿದ್ದಾರೆ ಎಂದುಕೊಂಡರೂ ಸಿಗುವ ಸಾಧ್ಯತೆ ಸುಮಾರು ಅಷ್ಟೇ. ಎದುರಾಳಿ ಒಂದಿಷ್ಟಾದರೂ ಎಲೆ ಆರಿಸಿ ಆಡುವವರಾದರೆ ಅದೂ ಸಿಗುವುದಿಲ್ಲ. ನಾನು ಎಷ್ಟೋ ಸಂಜೆ ಎಕ್ಕ-ರಾಜ ಹಿಡಿದು ಕಾಲ್ ಮಾಡಿ ನಾಲ್ಕನೆಯವನಾಗಿ ಎದ್ದು, ಎಲೆಯನ್ನು ಶಪಿಸಿದ್ದೇನೆ. ತಪ್ಪು ಎಲೆಯದಾಗಿರಲಿಲ್ಲ.

ಎದುರಾಳಿಗಳ ಈ ಭಯವನ್ನು ನಾವು ಬಳಸಿಕೊಳ್ಳಬಹುದು. ಹೆಚ್ಚು ಚಿಪ್ ಇರುವವರು ಮಧ್ಯಮ ಮೊತ್ತದವರ ಮೇಲೆ ಒತ್ತಡ ಹಾಕಬೇಕು. ಎರಡು ಬಿಗ್ ಬ್ಲೈಂಡ್ ಉಳಿಸಿಕೊಂಡವರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲವಾದ್ದರಿಂದ ಅವರು ಹೆದರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಐಸಿಎಂ ಎಲ್ಲರ ಕೌಶಲ ಸಮ ಎಂದು ಭಾವಿಸುತ್ತದೆ, ಮುಂದಿನ ಬ್ಲೈಂಡ್ ಯಾರ ಮೇಲೆ ಬೀಳಲಿದೆ ಎಂಬುದನ್ನು ಪರಿಗಣಿಸುವುದಿಲ್ಲ. ಈ ಲೆಕ್ಕವನ್ನೇ ಅರಿಯದೆ ಎಲ್ಲದಕ್ಕೂ ಕಾಲ್ ಮಾಡುವವರು ಬಿಗ್ ಬ್ಲೈಂಡ್‌ನಲ್ಲಿದ್ದರೆ, ಅವರ ತಪ್ಪಿಗೆ ನೀವೂ ಬೆಲೆ ತೆರುತ್ತೀರಿ. ಅಂಥವರ ವಿರುದ್ಧ ರಾಜ-ಒಂಬತ್ತನ್ನು ಬಿಟ್ಟುಬಿಡುವುದೇ ಲೇಸು.

ಇಬ್ಬರೇ ಉಳಿದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಇಬ್ಬರಿಗೂ 270 ಅಂಕ ಖಾತ್ರಿಯಾಗಿ, ಹೋರಾಟವಿರುವುದು ಉಳಿದ 180ಕ್ಕೆ ಮಾತ್ರ. ಪ್ರತಿ 75 ಚಿಪ್ಪಿಗೆ ಸರಿಯಾಗಿ ಒಂದು ಅಂಕ, ಮೊದಲ ಚಿಪ್ಪಿಗೂ ಕೊನೆಯ ಚಿಪ್ಪಿಗೂ ಒಂದೇ ಬೆಲೆ. ಬಬಲ್‌ನಲ್ಲಿ ಕಲಿತ ಬಿಗಿಯನ್ನು ಇಲ್ಲಿಗೂ ಹೊತ್ತು ತರುವವರನ್ನು ನಾನು ಬಹಳ ನೋಡಿದ್ದೇನೆ. ಬ್ಲೈಂಡ್ ಆಗಲೇ ನಡುವೆ ಬಿದ್ದಿರುವುದರಿಂದ ಕಾಲ್ ಮಾಡಲು ಶೇ 50ಕ್ಕಿಂತ ಕಡಿಮೆ ಸಾಧ್ಯತೆಯೂ ಸಾಕು. ಹತ್ತು ನಿಮಿಷ ಮೊದಲು ಎಕ್ಕ-ರಾಜವನ್ನು ಬಿಟ್ಟುಕೊಟ್ಟ ಅದೇ ಆಟಗಾರರು, ಈಗ ಹತ್ತು ಬಿಗ್ ಬ್ಲೈಂಡ್‌ಗಳ ಆಲ್-ಇನ್ ಎದುರಾದಾಗ ಎಕ್ಕ-ಮೂರು ಹಿಡಿದು ಕಾಲ್ ಮಾಡಲೇಬೇಕು.