ಸಿಡಿ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾ?

ಪರ: ಸಿಡಿ ಕೆಡುವ ಮೊದಲೇ ಇಳಿಸಿಕೊಳ್ಳಿ

ಇಳಿಸಿಕೊಳ್ಳಬೇಕಾ ಅನ್ನುವುದೇ ನನಗೆ ವಿಚಿತ್ರ ಪ್ರಶ್ನೆ. ಸಿಡಿಯನ್ನು ಯಂತ್ರ ಇನ್ನೂ ಓದುತ್ತಿರುವಾಗಲೇ ಇಳಿಸಿಕೊಳ್ಳಬೇಕು. ಮುಂದಿನ ರಜೆಗೆ ನೋಡೋಣ ಅಂತ ತಳ್ಳಿದರೆ, ಆಗ ಅದು ಓದುತ್ತದೋ ಇಲ್ಲವೋ.

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಎಂದೆಂದಿಗೂ ಕೆಡದ ವಸ್ತು ಅನ್ನುವ ಹಾಗೆ ಪ್ರಚಾರ ಮಾಡಿದರು. ಜನ ನಂಬಿದರು. ಆದರೆ ಡಿಸ್ಕನ್ನು ಒಮ್ಮೆ ಸರಿಯಾಗಿ ನೋಡಿ. ದಪ್ಪ 1.2 ಮಿಲಿಮೀಟರ್, ಹೆಚ್ಚುಕಡಿಮೆ ಅಷ್ಟೂ ಪ್ಲಾಸ್ಟಿಕ್. ಹಾಡು ಇರುವುದು ತೀರಾ ಮೇಲೆ, ಹೆಸರು ಅಚ್ಚಾದ ಕಡೆ. ಅಲ್ಲಿ ತೆಳ್ಳಗಿನ ಅಲ್ಯೂಮಿನಿಯಂ ಪದರ, ಅದಕ್ಕೆ ಬಳಿದ ಒಂದಿಷ್ಟು ಲ್ಯಾಕರ್ ಅನ್ನುವ ಲೇಪ, ಮೇಲೆ ಅಚ್ಚಿನ ಬಣ್ಣ. ಕಾವಲು ಅಷ್ಟೇ. ನಾವೋ ಹೊಳೆಯುವ ಕಡೆ ಗೀರು ಬಿದ್ದರೆ ಅಯ್ಯೋ ಅನ್ನುತ್ತೇವೆ, ಹೆಸರಿರುವ ಕಡೆಯನ್ನು ಕೆಳಗೆ ಮಾಡಿ ಮೇಜಿನ ಮೇಲೆ ಎಳೆದಾಡುತ್ತೇವೆ! ಹೊಳೆಯುವ ಕಡೆಯ ಗೀರನ್ನು ಎಷ್ಟೋ ಸಲ ಪಾಲಿಶ್ ಮಾಡಿ ತೆಗೆಯಬಹುದು. ಮೇಲಿನ ಗೀರು ಅಲ್ಯೂಮಿನಿಯಂ ತನಕ ಇಳಿದರೆ ಏನೂ ಮಾಡಲಾಗದು. ಕೆಲವು ಡಿಸ್ಕುಗಳಿಗೆ ಗೀರೂ ಬೇಡ. ಲ್ಯಾಕರ್ ಸರಿಯಾಗಿ ಕೂರದಿದ್ದರೆ ಗಾಳಿ, ತೇವ ಒಳಗೆ ಹೋಗಿ ಅಲ್ಯೂಮಿನಿಯಂ ತಾನಾಗಿಯೇ ಕೆಡುತ್ತದೆ. ಹಳೆಯ ಸಿಡಿಯನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅವತ್ತೇ ಕೆಲಸ ಶುರು ಮಾಡಿ.

"ನಮ್ಮ ಸಿಡಿಗಳು ಚೆನ್ನಾಗೇ ಹಾಡುತ್ತಿವೆಯಲ್ಲ" ಅನ್ನುವವರು ಜಾಸ್ತಿ. ಹಾಡುತ್ತವೆ, ನಿಜ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ನಡುವೆ ಕೆಲವು ಅಳತೆಗಳನ್ನು ಓದಲಾಗದೇ ಹೋದರೆ ಪ್ಲೇಯರ್ ಹಿಂದುಮುಂದಿನದನ್ನು ನೋಡಿ ಅಂದಾಜಿನಲ್ಲಿ ತುಂಬಿಸಿಬಿಡುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಅಂದಾಜೂ ಸಾಲದೆ ಹಾಡು ಟಕ್ ಟಕ್ ಅನ್ನುವ ಹೊತ್ತಿಗೆ ಡಿಸ್ಕ್ ಕೆಟ್ಟು ಬಹಳ ಕಾಲ ಆಗಿರುತ್ತದೆ.

ನನ್ನ ಸೋದರಮಾವ ಕೊಟ್ಟ ಒಂದು ಸಿಡಿ ಇದೆ. ವೇದಿಕೆಯಲ್ಲಿ ಹಾಡಿದ್ದನ್ನು ಹಾಗೇ ಮುದ್ರಿಸಿದ್ದು. ಪ್ಲೇಯರಿನಲ್ಲಿ ಒಂದು ಅಪಸ್ವರವಿಲ್ಲ. ಕಂಪ್ಯೂಟರಿಗೆ ಹಾಕಿದೆ. ಮೊದಲ ಟ್ರ್ಯಾಕುಗಳು ಸರಸರನೆ ಇಳಿದವು. ಕೊನೆಯ ಟ್ರ್ಯಾಕಿಗೆ ಬಂದಾಗ ಡ್ರೈವಿನ ಸದ್ದೇ ಬದಲಾಯಿತು. ಗುಂಯ್ ಅನ್ನುತ್ತಿದ್ದದ್ದು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಅದೇ ಜಾಗವನ್ನು ತಿರುತಿರುಗಿ ಓದುತ್ತಿತ್ತು. ಸಿಡಿ ಓದುವುದು ನಡುವಿನಿಂದ ಅಂಚಿನ ಕಡೆಗೆ. ತುಂಬಿದ ಡಿಸ್ಕಿನಲ್ಲಿ ಕೊನೆಯ ಹಾಡು ಅಂಚಿಗೆ ಬಂದಿರುತ್ತದೆ, ನಮ್ಮ ಬೆರಳು ತಾಗುವುದೂ ಅಲ್ಲೇ. ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಹಾಡು ಇಳಿದಿತ್ತು. ಒಂದು ಕಡೆ ಮಾತ್ರ ಅನುಮಾನ ಇದೆ ಅಂತ ತಂತ್ರಾಂಶ ಗುರುತು ಹಾಕಿತ್ತು. ಆ ಜಾಗ ಹಾಕಿ ಕೇಳಿದರೆ ಚಪ್ಪಾಳೆ! ಚಪ್ಪಾಳೆಯಲ್ಲಿ ನಾಲ್ಕು ಕೈ ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ. ಇನ್ನೊಂದು ನಿಮಿಷ ಹಿಂದೆ ಆಗಿದ್ದರೆ ಹಾಡಿಗೇ ಪೆಟ್ಟು ಬೀಳುತ್ತಿತ್ತು.

ಇಳಿಸುವಾಗ ಎರಡು ವಿಷಯ ನೆನಪಿಡಿ. ಆಡಿಯೋ ಸಿಡಿಯಲ್ಲಿರುವುದು ಫೈಲುಗಳಲ್ಲ, ಹಾಡುಗಳನ್ನು ಸುಮ್ನೆ ಎಳೆದು ಫೋಲ್ಡರಿಗೆ ಹಾಕಿದರೆ ಆಗದು. ಡೇಟಾ ಸಿಡಿಯಲ್ಲಿ 2,352 ಬೈಟುಗಳ ಪ್ರತಿ ತುಂಡಿನಲ್ಲೂ ತಪ್ಪು ತಿದ್ದಲು ಒಂದಿಷ್ಟು ಜಾಗ ಮೀಸಲು. ಆಡಿಯೋದಲ್ಲಿ ಅಷ್ಟನ್ನೂ ಧ್ವನಿಗೇ ಕೊಟ್ಟಿದ್ದಾರೆ. ಹಾಗಾಗಿ ಡ್ರೈವ್ ತಪ್ಪಿ ಓದುವುದುಂಟು. ವಿಂಡೋಸಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಲಿನಕ್ಸಿನಲ್ಲಿ ಸಿಡಿಪ್ಯಾರನೋಯಾ ಅನ್ನುವ ತಂತ್ರಾಂಶಗಳು ಇಂಥ ಕಡೆ ಮತ್ತೆ ಮತ್ತೆ ಓದಿ ನೋಡುತ್ತವೆ. ಅಕ್ಯುರೇಟ್‌ರಿಪ್ ಅನ್ನುವ ಸೌಲಭ್ಯ ಇನ್ನೂ ಚೆನ್ನ. ಅದೇ ಸಿಡಿಯನ್ನು ಬೇರೆಯವರು ಇಳಿಸಿದಾಗ ಬಂದ ಲೆಕ್ಕಕ್ಕೆ ನಿಮ್ಮದನ್ನು ತಾಳೆ ನೋಡುತ್ತದೆ. ಎರಡನೆಯದು, ಎಂಪಿ3 ಬೇಡ, ಅದು ಧ್ವನಿಯಲ್ಲಿ ಒಂದಿಷ್ಟನ್ನು ಬಿಟ್ಟುಬಿಡುತ್ತದೆ. ಏನನ್ನೂ ಬಿಡದೆ ಫೈಲಿನ ಗಾತ್ರ ಇಳಿಸುವ ಫ್ಲ್ಯಾಕ್‌ನಲ್ಲಿ ಉಳಿಸಿ. ಸಿಡಿಯ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ, ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧದಷ್ಟೋ ತುಸು ಜಾಸ್ತಿಯೋ ಆಗುತ್ತದೆ. ಏನೂ ಕಳೆದುಹೋಗುವುದಿಲ್ಲ.

ಎಲ್ಲ ಸ್ಟ್ರೀಮಿಂಗಿನಲ್ಲಿ ಸಿಗುತ್ತದೆ ಅನ್ನುವವರು ಬಾಡಿಗೆ ಮನೆಗೆ ಸುಣ್ಣ ಹೊಡೆಸುವವರು. ಒಪ್ಪಂದ ಮುಗಿದ ದಿನ ಆಲ್ಬಮ್ ಮಾಯ. ಇಲ್ಲವೇ ಹೆಸರು ಅದೇ, ಚಿತ್ರ ಅದೇ, ಒಳಗೆ ಮಾತ್ರ ಕಿವಿಗೆ ರಾಚುವಂತೆ ಸದ್ದು ಏರಿಸಿದ ಹೊಸ ಮಾಸ್ಟರ್, ಅಂದರೆ ಅದೇ ಧ್ವನಿಮುದ್ರಣವನ್ನು ಮತ್ತೆ ತಿದ್ದಿ ತಯಾರಿಸಿದ ಪ್ರತಿ. ನಿಮ್ಮ ಹಳೆಯ ಸಿಡಿಯಲ್ಲಿರುವುದು ಅದಲ್ಲ.

ವಿರೋಧ: ಇಷ್ಟೆಲ್ಲ ಯಾಕೆ?

ಪರ ಬರೆಯುವವರು ಮೊದಲೇ ಸಿಕ್ಕಿಬಿಟ್ಟರಂತೆ, ನನಗೆ ಉಳಿದದ್ದು ವಿರೋಧ. ನನ್ನ ಕಂಪ್ಯೂಟರಿನಲ್ಲೂ ಒಂದಿಷ್ಟು ಸಿಡಿ ಹಾಡುಗಳಿವೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೂ ಒಪ್ಪಿಕೊಂಡ ಮೇಲೆ ಬರೆಯಲೇಬೇಕಲ್ಲ.

ಮೊದಲಿಗೆ, ಹಾಕುವುದೆಲ್ಲಿ? ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವೇ ಇರುವುದಿಲ್ಲ. ಅದಕ್ಕಾಗಿ ಯುಎಸ್‌ಬಿ ಡ್ರೈವ್ ಕೊಳ್ಳಬೇಕು. ಆಮೇಲೆ ಹಾರ್ಡ್ ಡಿಸ್ಕ್. ಅದು ಕೆಟ್ಟರೆ ಒಂದು ಹಾಡಲ್ಲ, ಇಡೀ ಕಪಾಟು ಒಂದೇ ಏಟಿಗೆ ಹೋಗುತ್ತದೆ. ಹಾಗಾಗಿ ಇನ್ನೊಂದು ಹಾರ್ಡ್ ಡಿಸ್ಕ್.

ಆಮೇಲೆ ಹೆಸರುಗಳ ರಗಳೆ. ಇದಕ್ಕೆ ನಮ್ಮ ಭಾವನನ್ನೇ ಕೇಳಬೇಕು. ಎಷ್ಟೋ ಆಡಿಯೋ ಸಿಡಿಗಳಲ್ಲಿ ಹಾಡಿನ ಹೆಸರೇ ಇರುವುದಿಲ್ಲ. ಯಾವ ಟ್ರ್ಯಾಕ್ ಎಲ್ಲಿ ಶುರುವಾಗುತ್ತದೆ ಅನ್ನುವ ಲೆಕ್ಕ ಹಿಡಿದು ತಂತ್ರಾಂಶ ಇಂಟರ್‌ನೆಟ್ಟಿನಲ್ಲಿ ಹೆಸರು ಹುಡುಕುತ್ತದೆ. ಅಲ್ಲಿರುವುದು ಎಷ್ಟೋ ಕಡೆ ಜನರೇ ಕುಳಿತು ತುಂಬಿದ ಹೆಸರುಗಳು. ಒಬ್ಬ ಗಾಯಕಿ ಒಂದು ಸಿಡಿಯಲ್ಲಿ ಇನಿಶಿಯಲ್ ಮೊದಲು, ಇನ್ನೊಂದರಲ್ಲಿ ಇನಿಶಿಯಲ್ ಕೊನೆಗೆ, ಮತ್ತೊಂದರಲ್ಲಿ ಇನಿಶಿಯಲ್ಲೇ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಭಾವ ಊಟವಾದ ಮೇಲೆ ಕೂತು ಇವರನ್ನೆಲ್ಲ ಒಂದು ಮಾಡುತ್ತಾರೆ. ಸಾಹಿತ್ಯ ಬರೆದವರಿಗೊಂದು ಕಾಲಮ್, ಸಂಗೀತ ಹಾಕಿದವರಿಗೊಂದು, ಇಸವಿಗೊಂದು. ಇಸವಿ ಅಂದರೆ ಸಿಡಿ ಬಂದದ್ದೋ, ಹಾಡು ಬಂದದ್ದೋ? ಇದರ ಬಗ್ಗೆ ಅವರಿಗೂ ಅಕ್ಕನಿಗೂ ನಿಜವಾಗಿಯೂ ಜಗಳ ಆಗಿದೆ. "ಭಾವ, ಒಂದು ಹಾಡು ಹಾಕಿ ನೋಡೋಣ" ಅಂದರೆ "ಇನ್ನೂ ಸರಿ ಮಾಡಿಲ್ಲ, ಮುಟ್ಟಬೇಡ" ಅನ್ನುತ್ತಾರೆ. ಅಕ್ಕ ಅಡುಗೆಮನೆಯಲ್ಲಿ ಫೋನಿನಲ್ಲೇ ಅದೇ ಹಾಡು ಕೇಳುತ್ತಿರುತ್ತಾಳೆ.

ಗುಣಮಟ್ಟವೇ ಮುಖ್ಯ ಅನ್ನುವವರಿಗೆ, ಆ್ಯಪಲ್ ಮ್ಯೂಸಿಕ್ 2021ರಿಂದಲೇ ಏನೂ ಕಳೆಯದ ಧ್ವನಿಯನ್ನು ಹೆಚ್ಚಿನ ಹಣ ಕೇಳದೆ ಕೊಡುತ್ತಿದೆ. ಆಲ್ಬಮ್ ಮಾಯವಾಗುತ್ತದೆ ಅಂತ ಹೆದರಿಸುತ್ತಾರೆ. ನಾನು ಕೇಳುವುದೇ ನಾಲ್ಕು ಆಲ್ಬಮ್, ಅವು ಅಲ್ಲೇ ಇವೆ. ಸೂಜಿಮೊನೆ ಚುಕ್ಕೆ ಹುಡುಕಲು ಸಿಡಿಗಳನ್ನು ದೀಪಕ್ಕೆ ಹಿಡಿದು ಕೂರುವಷ್ಟು ಪುರುಸೊತ್ತು ನನಗಿಲ್ಲ.

ಹೆದರಿಸುವುದೇ ಆದರೆ ನನ್ನ ಹತ್ತಿರವೂ ಒಂದು ಕತೆ ಇದೆ. 2005ರಲ್ಲಿ ಸೋನಿ ಬಿಎಂಜಿ ಕಂಪನಿಯ ಕೆಲವು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ನಕಲು ತಡೆಯುವ ತಂತ್ರಾಂಶವೊಂದು ವಿಂಡೋಸ್ ಒಳಗೆ ಕಣ್ಣಿಗೆ ಕಾಣದಂತೆ ಅಡಗಿ ಕೂರುತ್ತಿತ್ತು. ದೊಡ್ಡ ಗಲಾಟೆಯಾಗಿ ಕಂಪನಿ ಆ ಡಿಸ್ಕುಗಳನ್ನು ವಾಪಸು ಕರೆಸಿಕೊಂಡಿತು. ಎಲ್ಲವೂ ವಾಪಸು ಹೋದವು ಅಂತ ಯಾರು ಹೇಳಬೇಕು?

ಕಾನೂನಿನ ಮಾತನ್ನು ಪರದವರು ಎತ್ತಿಯೇ ಇಲ್ಲ. ಎಲ್ಲ ದೇಶದಲ್ಲೂ ಒಂದೇ ನಿಯಮ ಇಲ್ಲ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಇಳಿಸಿಕೊಳ್ಳಬಹುದು ಅಂತ 2014ರಲ್ಲಿ ನಿಯಮ ತಂದರು, 2015ರಲ್ಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಮನೆಗೆ ಬಂದು ಯಾರೂ ನೋಡುವುದಿಲ್ಲ ಅನ್ನುತ್ತೀರಿ, ಸರಿ. ಆದರೆ ಹಾಡು ಇಳಿಸಿಕೊಂಡು ಸಿಡಿಯನ್ನು ಮಾರುವವರು, ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಗೆಳೆಯರಿಗೆಲ್ಲ ಹಂಚುವವರು ಎಷ್ಟು ಜನ ಇಲ್ಲ? ಅದೂ ಸ್ವಂತ ಬಳಕೆಯೇನು?